ಮುದ್ದಿನ ನಾಯಿ ಮೇಕೆಗಳ ಮೇಲೆ ಬಿದ್ದಿದೆ, ಈಗ ಏನು ಮಾಡೋದು?

ತೋಟದಮನೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಕೆಂಚನಿಗೆ ಮೂರು ವರ್ಷ. ಮಿಶ್ರ ತಳಿ, ಉದ್ದ ಕಾಲು, ಓಟ ಅಂದ್ರೆ ಪ್ರಾಣ. ಮನೆಯೊಳಗೆ ಅವನಷ್ಟು ಸಾಧು ಇನ್ನೊಬ್ಬರಿಲ್ಲ. ಮಗಳು ಅವನ ತಟ್ಟೆಗೆ ಕೈ ಹಾಕಿದರೂ ಸುಮ್ನೆ ನಿಲ್ಲುತ್ತಾನೆ. ಅಪ್ಪ ಕೋಲೂರಿ ನಡೆದರೆ ಅವರ ಹೆಜ್ಜೆಗೆ ಹೆಜ್ಜೆ ಹಾಕುತ್ತಾನೆ.

ಹಿಂದೆ ಒಮ್ಮೆ ನಮ್ಮದೇ ಕೋಳಿ ಕೊಂದಿದ್ದ. ಗೂಡಿಗೆ ಬಲೆ ಹಾಕಿಸಿದೆವು, ವಿಷಯ ಅಲ್ಲಿಗೇ ಮುಗಿಯಿತು ಅಂದುಕೊಂಡೆವು. ಈ ವಾರ ಸಂಜೆ ಹೊತ್ತಲ್ಲಿ ಬೇಲಿ ಕೆಳಗಿನ ಮಣ್ಣು ಕೆದರಿ ಪಕ್ಕದವರ ದೊಡ್ಡಿಗೆ ನುಗ್ಗಿದ. ಒಂದು ಮೇಕೆಮರಿ ಸತ್ತಿತು. ಇನ್ನೊಂದು ಗಬ್ಬದ ಮೇಕೆಗೆ ತೊಡೆ ಹತ್ತಿರ ಗಾಯ. ನಾನು ಕೂಗಿಕೊಂಡು ಓಡಿದಾಗ ಅವನು ಬಾಲ ಆಡಿಸುತ್ತಾ ನನ್ನ ಹತ್ತಿರವೇ ಬಂದ. ಕೋಪವಿಲ್ಲ, ಭಯವಿಲ್ಲ. ಖುಷಿಯಾಗಿದ್ದ. ಅದನ್ನು ನೋಡಿದ ಮೇಲೆ ನನಗೆ ನಿದ್ದೆ ಬರುತ್ತಿಲ್ಲ.

ಪಕ್ಕದವರು ಜಗಳ ಆಡಲಿಲ್ಲ. ‘ಇನ್ನೊಂದು ಸಲ ಬಂದರೆ ನಾನು ಸುಮ್ನಿರಲ್ಲ’ ಅಂತ ಮಾತ್ರ ಹೇಳಿದರು. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅಪ್ಪ ಯಾರಿಗಾದರೂ ಕೊಟ್ಟುಬಿಡೋಣ ಅನ್ನುತ್ತಾರೆ. ಹೆಂಡತಿ ತರಬೇತಿ ಕೊಡಿಸೋಣ ಅನ್ನುತ್ತಾಳೆ. ಮಗಳು ಯಾರ ಜೊತೆಯೂ ಮಾತಾಡುತ್ತಿಲ್ಲ. ರಕ್ತದ ರುಚಿ ಹತ್ತಿದ ನಾಯಿ ಸರಿಹೋಗಲ್ಲ ಅಂತಾರಲ್ಲ, ನಿಜವಾ?

ಮೇಕೆಮಂದೆ

ಮೊದಲು ಒಂದು ಪ್ರಶ್ನೆ. ಈ ಕ್ಷಣ ಕೆಂಚ ಎಲ್ಲಿದ್ದಾನೆ? ಬಾಗಿಲು ಹಾಕಿದ ಕೋಣೆಯಲ್ಲಾ, ಇಲ್ಲ ಅದೇ ಅಂಗಳದಲ್ಲಾ? ಅಂಗಳದಲ್ಲಿದ್ದರೆ ಈ ಚರ್ಚೆ ಓದುವುದು ನಿಲ್ಲಿಸಿ, ಹೋಗಿ ಒಳಗೆ ಹಾಕಿ ಬನ್ನಿ. ಒಂದು ಸಲ ದಾರಿ ಮಾಡಿಕೊಂಡ ನಾಯಿ ಅದೇ ದಾರಿಯಲ್ಲಿ ಮತ್ತೆ ಹೋಗುತ್ತದೆ. ಹೆಚ್ಚಾಗಿ ಅದೇ ಹೊತ್ತಿಗೆ.

ನಾನು ಮೇಕೆ ಸಾಕುವವನು. ಹಾಗಾಗಿ ಆ ಕಡೆಯ ಮಾತು ಹೇಳುತ್ತೇನೆ. ನಾಯಿ ನುಗ್ಗಿದ ಹಟ್ಟಿಯಲ್ಲಿ ಸತ್ತದ್ದನ್ನು ಮಾತ್ರ ಎಣಿಸಬೇಡಿ. ಉಳಿದವು ರಾತ್ರಿಯೆಲ್ಲ ಮೂಲೆಯಲ್ಲಿ ಒಂದರ ಮೇಲೊಂದು ಒತ್ತಿಕೊಂಡು ನಿಲ್ಲುತ್ತವೆ. ಮೇವು ಮುಟ್ಟಲ್ಲ. ಹಾಲು ಕಡಿಮೆಯಾಗುತ್ತದೆ. ಗಬ್ಬದವು ಕಂದು ಹಾಕುತ್ತವೆ. ಹೆದರಿ ಓಡಿದ ಕುರಿ ಮೈಮೇಲೆ ಒಂದು ಹಲ್ಲಿನ ಗುರುತೂ ಇಲ್ಲದೆ ಸತ್ತದ್ದನ್ನು ನಾನೇ ನೋಡಿದ್ದೇನೆ.

ನಿಮ್ಮ ಪಕ್ಕದವರು ಜಗಳ ಆಡಲಿಲ್ಲ ಅಂದ್ರೆ ಅವರು ನಿಮ್ಮನ್ನು ನಂಬಿದ್ದಾರೆ. ನಾಳೆಯೇ ಹೋಗಿ. ಮರಿಯ ಬೆಲೆ, ಚಿಕಿತ್ಸೆಯ ಖರ್ಚು ಅವರು ಕೇಳುವ ಮೊದಲು ನೀವೇ ಕೊಡಿ. ಮರಿಯ ಇವತ್ತಿನ ಬೆಲೆ ಲೆಕ್ಕ ಹಾಕಿ ನಿಲ್ಲಿಸಬೇಡಿ. ಅದು ಹೆಣ್ಣುಮರಿಯಾಗಿದ್ದರೆ ಮುಂದೆ ಅದು ಹಾಕಬೇಕಿದ್ದ ಮರಿಗಳೂ ಅವರ ಲೆಕ್ಕದಲ್ಲಿರುತ್ತವೆ.

ತೋಟದಮನೆ

ಕೋಣೆಯೊಳಗೇ ಇದ್ದಾನೆ. ಹೊರಗೆ ಹೋಗುವಾಗ ಹಗ್ಗ ಹಾಕಿ ನಾನೇ ಕರೆದುಕೊಂಡು ಹೋಗುತ್ತೇನೆ. ಮರಿ ಹೆಣ್ಣೇ. ನೀವು ಹೇಳಿದ್ದು ನನ್ನ ತಲೆಗೆ ಹೊಳೆದಿರಲಿಲ್ಲ. ಖಂಡಿತ ಹೋಗುತ್ತೇನೆ.

ಹಟ್ಟಿವೈದ್ಯೆ

ನಾನು ಪಶುವೈದ್ಯೆ. ನಾಯಿಯ ವಿಷಯಕ್ಕೆ ಮುಂಚೆ ಆ ಗಾಯದ ಮೇಕೆ ಬಗ್ಗೆ ಮಾತಾಡೋಣ.

ನಾಯಿ ಕಚ್ಚಿದ ಗಾಯ ಮೇಲೆ ನೋಡಿದರೆ ಸಣ್ಣ ತೂತು. ಒಳಗೆ ಕಥೆ ಬೇರೆ. ಹಲ್ಲು ಊರಿ ತಲೆ ಒದರುವಾಗ ಚರ್ಮ ಮಾಂಸದಿಂದ ಬಿಟ್ಟುಬರುತ್ತದೆ, ಸ್ನಾಯು ಹರಿಯುತ್ತದೆ, ಬಾಯಿಯ ಬ್ಯಾಕ್ಟೀರಿಯಾ ಆಳಕ್ಕೆ ಇಳಿಯುತ್ತದೆ. ಸುತ್ತಲಿನ ಕೂದಲು ಕತ್ತರಿಸದೆ ಎಷ್ಟು ಗಾಯ ಇದೆ ಅಂತ ಹೇಳಲು ಆಗಲ್ಲ. ತೊಡೆ ಹತ್ತಿರ ಒಂದು ಗಾಯ ಕಂಡರೆ ಹಿಂಗಾಲಿನ ಸಂದು, ಕೆಚ್ಚಲು, ಕುತ್ತಿಗೆ, ಕಿವಿ ಎಲ್ಲ ಕೈಯಾಡಿಸಿ ನೋಡಬೇಕು. ಕೈಗೆ ಗ್ಲೌಸ್ ಇರಲಿ. ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯುವುದು ಮೊದಲ ಕೆಲಸ. ಆಮೇಲೆ ಆಂಟಿಬಯೋಟಿಕ್, ನೋವಿನ ಔಷಧಿ, ಧನುರ್ವಾಯುವಿಗೆ ಚುಚ್ಚುಮದ್ದು. ಕುರಿ ಮೇಕೆಗಳಿಗೆ ಧನುರ್ವಾಯು ಬೇಗ ತಗಲುತ್ತದೆ. ಗಬ್ಬದ ಮೇಕೆ ಅಂದಿರಿ, ಹಾಗಾಗಿ ಔಷಧಿ ಆಯ್ಕೆ ಮಾಡುವಾಗ ಅದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಕೆಲವು ಔಷಧಿ ಗಬ್ಬಕ್ಕೆ ಆಗಲ್ಲ.

ಕೆಂಚನಿಗೆ ರೇಬೀಸ್ ಲಸಿಕೆ ಸರಿಯಾದ ಹೊತ್ತಿಗೆ ಹಾಕಿಸಿದ್ದೀರಾ? ಹಾಕಿಸಿದ್ದರೂ ಅವನನ್ನು 10 ದಿನ ಕಣ್ಣಳತೆಯಲ್ಲೇ ಇಡಿ. ಇದ್ದಕ್ಕಿದ್ದಂತೆ ಸ್ವಭಾವ ಬದಲಾದ ಯಾವ ನಾಯಿಯ ವಿಷಯದಲ್ಲೂ ಮೊದಲು ರೇಬೀಸ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಕಚ್ಚಿಸಿಕೊಂಡ ಮೇಕೆಗೂ ಲಸಿಕೆ ಬೇಕಾ ಅಂತ ಅಲ್ಲಿನ ವೈದ್ಯರು ನಿರ್ಧರಿಸಲಿ. ಅದರ ಬಾಯಿಗೆ, ಗಾಯಕ್ಕೆ ಬರಿಗೈ ಹಾಕಬೇಡಿ.

ತೋಟದಮನೆ

ಲಸಿಕೆ ಸರಿಯಾಗಿದೆ. ಮೇಕೆಗೆ ಅವತ್ತೇ ಚುಚ್ಚುಮದ್ದು ಹಾಕಿಸಿದ್ದಾರೆ. ಕೂದಲು ಕತ್ತರಿಸಿ ನೋಡಿದ್ದಾರಾ ಅಂತ ನಾಳೆ ಹೋದಾಗ ಕೇಳುತ್ತೇನೆ.

ಊರಂಚು

ನಮ್ಮ ಹಿರಿಯರ ಕಾಲದಲ್ಲಿ ಸತ್ತ ಕೋಳಿಯನ್ನೇ ನಾಯಿಯ ಕುತ್ತಿಗೆಗೆ ಕಟ್ಟುತ್ತಿದ್ದರು. ಕೊಳೆತು ಬೀಳುವವರೆಗೆ ಬಿಚ್ಚುತ್ತಿರಲಿಲ್ಲ. ಆಮೇಲೆ ಕೋಳಿ ಕಂಡರೆ ಓಡುತ್ತದೆ ಅಂತಿದ್ದರು. ಇಲ್ಲಾಂದ್ರೆ ಸತ್ತ ಮರಿ ಮುಂದೆ ನಿಲ್ಲಿಸಿ ನಾಲ್ಕು ಬಾರಿಸುವುದು. ಯಾರಾದರೂ ಮಾಡಿ ನೋಡಿದ್ದೀರಾ?

ಬಾಲದಭಾಷೆ

ಊರಂಚು ಅವರೇ, ಆ ಮಾತು ನಾನೂ ಕೇಳಿದ್ದೇನೆ. ಕೆಲಸ ಮಾಡಲ್ಲ. ಕೊಳೆತ ವಾಸನೆ ನಮಗೆ ಅಸಹ್ಯ, ನಾಯಿಗೆ ಅಲ್ಲ. ಸತ್ತ ಹಕ್ಕಿ ಸಿಕ್ಕರೆ ಅದು ಮೈ ಉರುಳಿಸುತ್ತದೆ ಅಲ್ವಾ? ಕೊಳೆತದ್ದನ್ನು ತಿಂದು ಹೊಟ್ಟೆ ಕೆಡಬಹುದು, ಅಷ್ಟೇ ಆಗುವುದು. ಹೊಡೆತದ ವಿಷಯವೂ ಹಾಗೇ. ಮಾಡಿದ ಕೆಲಸಕ್ಕೂ ಫಲಕ್ಕೂ ಒಂದೆರಡು ಸೆಕೆಂಡಿಗಿಂತ ಜಾಸ್ತಿ ಅಂತರ ಇದ್ದರೆ ನಾಯಿ ಎರಡನ್ನೂ ಜೋಡಿಸಿಕೊಳ್ಳಲ್ಲ. ಐದು ನಿಮಿಷ ಆದ ಮೇಲೆ ಹೊಡೆದರೆ ಅದು ಕಲಿಯುವುದು ‘ಸತ್ತ ಮರಿಯ ಹತ್ತಿರ ಯಜಮಾನ ಬಂದರೆ ಓಡಬೇಕು’ ಅನ್ನೋದನ್ನು ಮಾತ್ರ. ಮುಂದಿನ ಸಲ ಕರೆದರೆ ಬರಲ್ಲ. ದೊಡ್ಡಿಯೊಳಗೆ ಇರುವ ನಾಯಿ ಕರೆದರೂ ಬರದಿದ್ದರೆ ಏನಾಗುತ್ತದೆ ಯೋಚಿಸಿ.

ತೋಟದಮನೆ ಅವರು ಬರೆದ ಒಂದು ಮಾತು ಮುಖ್ಯ. ಅವನು ಖುಷಿಯಾಗಿ ಬಂದ ಅಂದ್ರು. ಇದು ಕೋಪದ ಕಚ್ಚಾಟ ಆಗಿರಲಿಲ್ಲ ಅಂತ ಅರ್ಥ. ಸಿಟ್ಟಾದ ನಾಯಿ ಗುರುಗುಟ್ಟುತ್ತದೆ, ಹಲ್ಲು ತೋರಿಸುತ್ತದೆ, ದೂರ ಹೋಗು ಅನ್ನುತ್ತದೆ. ಬೇಟೆಗೆ ಬಿದ್ದ ನಾಯಿ ಸದ್ದು ಮಾಡಲ್ಲ, ಹತ್ತಿರ ಹೋಗುತ್ತದೆ. ದಿಟ್ಟಿಸುವುದು, ಹೊಂಚು ಹಾಕುವುದು, ಅಟ್ಟಿಸಿಕೊಂಡು ಹೋಗುವುದು, ಹಿಡಿಯುವುದು, ಕೊಲ್ಲುವುದು, ತಿನ್ನುವುದು. ಈ ಸರಪಳಿ ತೋಳದ ಕಾಲದಿಂದ ಬಂದದ್ದು. ಮನುಷ್ಯರು ಬೇರೆ ಬೇರೆ ತಳಿ ಮಾಡುವಾಗ ಇದರಲ್ಲೇ ಕೆಲವು ಕೊಂಡಿ ಬಲ ಮಾಡಿದರು, ಕೆಲವು ಸಡಿಲ ಮಾಡಿದರು. ಬಾರ್ಡರ್ ಕೋಲಿ ದಿಟ್ಟಿಸಿ ಅಟ್ಟುತ್ತದೆ, ಕಚ್ಚುವ ಕೊಂಡಿ ಸಡಿಲ. ಗ್ರೇಹೌಂಡ್, ಮುಧೋಳದಂಥ ಓಟದ ತಳಿಗಳಲ್ಲಿ ಅಟ್ಟಿ ಹಿಡಿಯುವುದು ಬಲ. ಟೆರಿಯರ್ ಹಿಡಿದು ಒದರುತ್ತದೆ. ಮಂದೆ ಕಾಯುವ ದೊಡ್ಡ ನಾಯಿಗಳಲ್ಲಿ ಇಡೀ ಸರಪಳಿಯೇ ಮಂಕು. ಜೀವಶಾಸ್ತ್ರಜ್ಞ ರೇಮಂಡ್ ಕಾಪಿಂಜರ್ ಅವರು ಕಾವಲು ನಾಯಿಗಳ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿ ಇದನ್ನು ಚೆನ್ನಾಗಿ ವಿವರಿಸಿದ್ದಾರೆ. ಕೆಂಚನ ಉದ್ದ ಕಾಲು, ಓಟದ ಹುಚ್ಚು ಕೇಳಿದರೆ ಅವನ ಮೈಯಲ್ಲಿ ಯಾವ ಕೊಂಡಿ ಬಲವಾಗಿದೆ ಅಂತ ಊಹಿಸಬಹುದು.

ರಕ್ತದ ರುಚಿ ಅನ್ನೋದು ನಿಜ ಅಲ್ಲ. ಹಸಿ ಮಾಂಸ ತಿನ್ನುವ ಎಷ್ಟೋ ನಾಯಿಗಳು ಕೋಳಿಗಳ ನಡುವೆ ಮಲಗುತ್ತವೆ. ಹೊಟ್ಟೆ ತುಂಬಿದ ನಾಯಿಯೂ ಬೇಟೆಯಾಡುತ್ತದೆ, ಹಸಿವಿಗೂ ಇದಕ್ಕೂ ನೇರ ಸಂಬಂಧ ಇಲ್ಲ. ಅದಕ್ಕೇ ಗೂಡಿಗೆ ನುಗ್ಗಿದ ನಾಯಿ ಒಂದನ್ನು ತಿಂದು ನಿಲ್ಲಿಸಲ್ಲ. ಇನ್ನೊಂದು ರೆಕ್ಕೆ ಬಡಿದರೆ ಸರಪಳಿ ಮತ್ತೆ ಮೊದಲಿಂದ ಶುರು. ಆದರೆ ಆ ಗಾದೆಯಂಥ ಮಾತಿನಲ್ಲಿ ಒಂದು ಸತ್ಯ ಇದೆ. ಅಟ್ಟಿ ಹಿಡಿಯುವುದೇ ನಾಯಿಗೆ ಬಹುಮಾನ. ಒಂದು ಸಲ ಆ ಬಹುಮಾನ ಸಿಕ್ಕರೆ ಮುಂದಿನ ಸಲ ಇನ್ನೂ ಬೇಗ ಓಡುತ್ತದೆ.

ಮೇಕೆಮಂದೆ

ಒಪ್ಪಿದೆ. ಹಾಗಾದರೆ ಈಗ ನೇರವಾಗಿ ಹೇಳಿ. ತರಬೇತಿ ಕೊಟ್ಟರೆ ಕೆಂಚನನ್ನು ಮೇಕೆಗಳ ಹತ್ತಿರ ಬಿಡಬಹುದಾ?

ಬಾಲದಭಾಷೆ

ಬಿಡಬಾರದು. ನಾಯಿಗೆ ತರಬೇತಿ ಕೊಡುವುದೇ ನನ್ನ ಕೆಲಸ, ಆದರೂ ಹೇಳುತ್ತೇನೆ. ಕೊಂದು ಗೊತ್ತಿರುವ ನಾಯಿಯನ್ನು ಕಣ್ಗಾವಲಿಲ್ಲದೆ ಮೇಕೆಗಳ ಜೊತೆ ಎಂದೂ ಬಿಡಬೇಡಿ. ಆರು ತಿಂಗಳು ಸುಮ್ನಿತ್ತು ಅನ್ನೋದು ಪುರಾವೆ ಅಲ್ಲ. ಹಗ್ಗ ಕೈಯಲ್ಲಿದ್ದಾಗ ನೀವು ಕರೆದರೆ ತಿರುಗಬೇಕು, ಮೇಕೆ ಕಂಡರೆ ಮೈಮರೆಯಬಾರದು, ಅಷ್ಟು ತರಬೇತಿಯಿಂದ ಸಿಗುತ್ತದೆ.

ಹೇಗೆ ಅಂದರೆ, ಕಾಲರ್ ಬದಲು ಮೈಗೆ ಹಾಕುವ ಪಟ್ಟಿ, ಅದಕ್ಕೆ 10 ಮೀಟರ್ ಉದ್ದದ ಹಗ್ಗ. ಓಡಿ ತಟ್ಟನೆ ನಿಂತಾಗ ಕುತ್ತಿಗೆಗೆ ಪೆಟ್ಟಾಗಬಾರದು. ಮೇಕೆಗಳು ಕಾಣಬೇಕು, ಆದರೆ ಕೆಂಚ ನಿಮ್ಮ ಕೈಯಿಂದ ತಿಂಡಿ ತಿನ್ನುವಷ್ಟು ದೂರ ಇರಬೇಕು. ಇಷ್ಟದ ತಿಂಡಿಯನ್ನೂ ಮುಟ್ಟದೆ ದಿಟ್ಟಿಸುತ್ತಿದ್ದರೆ ತುಂಬಾ ಹತ್ತಿರ ಬಂದಿದ್ದೀರಿ, ಹಿಂದೆ ಹೋಗಿ. ಅವನು ಮೇಕೆ ಕಡೆ ನೋಡಿದ ಕ್ಷಣ ಒಂದು ಗೊತ್ತಾದ ಪದ ಹೇಳಿ, ನಿಮ್ಮ ಕಡೆ ತಿರುಗಿದ ಕೂಡಲೇ ತಿಂಡಿ ಕೊಡಿ. ನೋಡಿದರೆ ತಿರುಗಬೇಕು ಅನ್ನೋದು ಅಭ್ಯಾಸ ಆಗಬೇಕು. ನಿಂತ ಮೇಕೆ ಸುಲಭ, ಮೇಯುವ ಮೇಕೆ ಕಷ್ಟ, ಓಡುವ ಮರಿ ಎಲ್ಲಕ್ಕಿಂತ ಕಷ್ಟ. ಅವಸರ ಮಾಡಿದರೆ ಮೊದಲಿಗೇ ಬರುತ್ತೀರಿ. ತಿಂಗಳುಗಟ್ಟಲೆ ಹಿಡಿಯುತ್ತದೆ.

ಅವನ ಓಟಕ್ಕೂ ಒಂದು ದಾರಿ ಬೇಕು. ಉದ್ದ ಕೋಲಿಗೆ ಹಗ್ಗ ಕಟ್ಟಿ, ತುದಿಗೆ ಚಿಂದಿ ಬಟ್ಟೆ ಸುತ್ತಿ ಓಡಿಸಿ. ಹಿಡಿಯಲು ಬಿಡಿ. ‘ಬಿಡು’ ಅಂದರೆ ಬಿಡುವುದೂ ಅಲ್ಲೇ ಕಲಿಯುತ್ತದೆ. ತಿಂಡಿ ಹುಲ್ಲಿನಲ್ಲಿ ಚೆಲ್ಲಿ ಮೂಸಿ ಹುಡುಕಿಸಿ. ದಿನವಿಡೀ ಸರಪಣಿಯಲ್ಲಿ ಕಟ್ಟಿಹಾಕಿದ ನಾಯಿ ಬಿಚ್ಚಿದ ಕೂಡಲೇ ಹುಚ್ಚೆದ್ದು ಓಡುತ್ತದೆ, ಅದರಿಂದ ಸಮಸ್ಯೆ ಜಾಸ್ತಿ ಆಗುತ್ತದೆ.

ತೋಟದಮನೆ

ಶಾಕ್ ಕೊಡುವ ಕಾಲರ್ ಬಗ್ಗೆ ಒಬ್ಬರು ಹೇಳಿದರು. ಒಂದೇ ದಿನದಲ್ಲಿ ಸರಿಹೋಗುತ್ತದಂತೆ. ಮನಸ್ಸು ಒಪ್ಪುತ್ತಿಲ್ಲ, ಆದರೆ ಅವನ ಜೀವ ಉಳಿಯುವುದಾದರೆ ಅಂತ ಯೋಚನೆ.

ಬಾಲದಭಾಷೆ

ಬೇಡ. ಶಾಕ್ ಹೊಡೆದ ಕ್ಷಣ ನಾಯಿ ಏನನ್ನು ನೋಡುತ್ತಿರುತ್ತದೋ ಅದಕ್ಕೆ ನೋವನ್ನು ಜೋಡಿಸಿಕೊಳ್ಳುತ್ತದೆ. ಪಕ್ಕದಲ್ಲಿ ನಿಮ್ಮ ಮಗಳು ನಿಂತಿದ್ದರೆ? ಮೇಕೆಯೇ ನೋವು ಕೊಡುತ್ತದೆ ಅಂದುಕೊಂಡು ಇನ್ನೂ ಸಿಟ್ಟಿನಿಂದ ಬಿದ್ದರೆ? ವೇಲ್ಸ್‌ನಲ್ಲಿ 2010ರಲ್ಲೇ ಇದನ್ನು ನಿಷೇಧಿಸಿದರು.

ಗುಡ್ಡದಕುರಿ

ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನಾರ್ವೆಯಲ್ಲಿ ಕುರಿಗಳು ಬೇಸಿಗೆಯಿಡೀ ಬೆಟ್ಟದಲ್ಲಿ ಬಿಡುಬೀಸಾಗಿ ಮೇಯುತ್ತವೆ. ಅಲ್ಲಿ ಕುರಿ ಅಟ್ಟದಂತೆ ಕಲಿಸಲು ಅನುಮತಿ ಪಡೆದ ತರಬೇತುದಾರರು ಈ ಕಾಲರ್ ಬಳಸುತ್ತಾರೆ. ಕೆಲಸ ಮಾಡಲ್ಲ ಅಂತ ಹೇಳಿದರೆ ತಪ್ಪಾಗುತ್ತದೆ. ಆದರೆ ಅದು ಕಲಿತವರ ಕೈಯಲ್ಲಿ, ಗೊತ್ತಾದ ಜಾಗದಲ್ಲಿ. ಮನೆಯಲ್ಲಿ ಗುಂಡಿ ಒತ್ತುವ ನಮ್ಮಂಥವರಿಗೆ ಅಲ್ಲ. ಮತ್ತೆ, ಆಗಲೇ ಕೊಂದ ನಾಯಿಗೆ ಅದು ಸಾಕು ಅಂತ ನಾನಂತೂ ಬೇಲಿ ತೆಗೆಯುವುದಿಲ್ಲ. ಕಾಲರ್ ಬ್ಯಾಟರಿ ಸತ್ತ ದಿನ ಕುರಿಯೂ ಸಾಯುತ್ತದೆ.

ತೋಟದಮನೆ

ಸರಿ, ಕಾಲರ್ ಬೇಡ. ಮನಸ್ಸು ಹಗುರಾಯಿತು. ಬೇಲಿ ಬಗ್ಗೆ ಹೇಳಿ.

ಬೇಲಿಕೆಲಸ

ನನ್ನ ಹೆಸರೇ ಕರೆದಂಗಾಯಿತು.

ಒಂದು ಬೇಲಿ ನಂಬಬೇಡಿ, ಎರಡು ಇರಲಿ. ಕೆಂಚನ ಸುತ್ತ ಒಂದು, ಮೇಕೆಗಳ ಸುತ್ತ ಇನ್ನೊಂದು. ಯಾರೋ ಒಂದು ಗೇಟು ಹಾಕದೆ ಬಂದರೂ ಇನ್ನೊಂದು ಉಳಿಯುತ್ತದೆ. ಮಕ್ಕಳು, ಅತಿಥಿಗಳು, ಹಾಲು ತರುವವರು, ಒಬ್ಬರಲ್ಲ ಒಬ್ಬರು ಒಂದು ದಿನ ತೆರೆದು ಬಿಡುತ್ತಾರೆ. ನಾಯಿ ಇರುವ ಕಡೆ ಗೇಟು ಜೋಡಿಯಾಗಿರಲಿ, ಒಂದು ಹಾಕಿದ ಮೇಲೆ ಇನ್ನೊಂದು ತೆರೆಯುವಂತೆ. ಚಿಲಕ ತಾನಾಗೇ ಬೀಳುವಂಥದ್ದು ಹಾಕಿಸಿ.

ಎತ್ತರ 6 ಅಡಿ. ಉದ್ದ ಕಾಲಿನ ನಾಯಿಗೆ 4 ಅಡಿ ಏನೂ ಅಲ್ಲ. ಬೇಲಿ ಪಕ್ಕ ಕಟ್ಟಿಗೆ ರಾಶಿ, ಡ್ರಮ್ಮು ಇಡಬೇಡಿ, ಅದನ್ನೇ ಮೆಟ್ಟಿಲು ಮಾಡಿಕೊಳ್ಳುತ್ತದೆ. ಕೆದರುವ ನಾಯಿ ಅಂದಿರಿ. ಬೇಲಿ ಬುಡದಿಂದ 2 ಅಡಿ ಅಗಲದ ಗಟ್ಟಿ ಜಾಲರಿಯನ್ನು ನೆಲದ ಮೇಲೆ ಮಲಗಿಸಿ, ಬೇಲಿಗೆ ಬಿಗಿಯಾಗಿ ಕಟ್ಟಿ, ಮೇಲೆ ಕಲ್ಲು ಮಣ್ಣು ಹಾಕಿ. ನಾಯಿ ಬೇಲಿಯ ಬುಡದಲ್ಲೇ ಕೆದರುತ್ತದೆ, ಎರಡು ಅಡಿ ಹಿಂದೆ ಹೋಗಿ ಕೆದರಬೇಕು ಅಂತ ಅದಕ್ಕೆ ಹೊಳೆಯಲ್ಲ. ಜಾಲರಿ ಯಾವಾಗಲೂ ನಾಯಿ ನಿಲ್ಲುವ ಕಡೆಗೆ ಚಾಚಿರಬೇಕು. ಕೆಂಚನ ಅಂಗಳಕ್ಕೆ ಒಳಗಡೆ, ಮೇಕೆ ದೊಡ್ಡಿಗೆ ಹೊರಗಡೆ.

ಕೋಳಿ ಗೂಡಿಗೆ ಆರು ಮೂಲೆಯ ತೆಳು ಬಲೆ ಹಾಕಿಸಿದ್ದರೆ ತೆಗೆದುಬಿಡಿ. ಅದು ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ನಾಯಿ ಹಲ್ಲಿಗೆ ಹರಿಯುತ್ತದೆ. ಬೆಸುಗೆ ಹಾಕಿದ ಗಟ್ಟಿ ಜಾಲರಿ ಬೇಕು.

ಹೊಸಹಟ್ಟಿ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಮಂದೆ ಕಾಯುವ ನಾಯಿ ತಂದು ದೊಡ್ಡಿಯಲ್ಲಿ ಬಿಟ್ಟರೆ ಅದು ಕೆಂಚನನ್ನು ತಡೆಯುವುದಿಲ್ವಾ? ಮತ್ತೆ ಬಾಯಿಕುಕ್ಕೆ ಹಾಕಿ ಬಿಟ್ಟರೆ?

ಗುಡ್ಡದಕುರಿ

ಕಾವಲು ನಾಯಿ ತಡೆಯುತ್ತದೆ, ಕೆಂಚನನ್ನು ಕೊಲ್ಲಲೂಬಹುದು. ಅದಕ್ಕೆ ಅವನು ತೋಳದಂತೆಯೇ. ಜೊತೆಗೆ ಅದು ತಂದ ಕೂಡಲೇ ಕೆಲಸ ಶುರು ಮಾಡುವುದಿಲ್ಲ. 3 ವಾರದಿಂದ ಸುಮಾರು 12 ವಾರದವರೆಗೆ ಮರಿ ಯಾರ ಜೊತೆ ಬೆಳೆಯುತ್ತದೋ ಅವರನ್ನೇ ತನ್ನವರು ಅಂದುಕೊಳ್ಳುತ್ತದೆ. ಆ ಹೊತ್ತಲ್ಲಿ ಕುರಿಗಳ ಜೊತೆ ಇರಬೇಕು. ಆಮೇಲೂ ಹರೆಯದಲ್ಲಿ ಆಟಕ್ಕೆ ಮರಿಗಳ ಕಿವಿ ಎಳೆಯುತ್ತದೆ, ಅಟ್ಟುತ್ತದೆ. ಎರಡು ವರ್ಷದ ತನಕ ಕಣ್ಣಿಡಬೇಕು. ಇಂಥ ಹರೆಯದ ಕಾವಲು ನಾಯಿ ಕೆಟ್ಟುಹೋಯಿತು ಅಂತ ಬಹಳ ಜನ ಕೈಬಿಡುತ್ತಾರೆ, ಅದು ಅನ್ಯಾಯ. ಕೆಂಚನದು ಆ ಸಂಗತಿ ಅಲ್ಲ.

ಬಾಯಿಕುಕ್ಕೆ ಹಗ್ಗದ ಜೊತೆ ಒಳ್ಳೆಯದು. ಬುಟ್ಟಿ ಥರದ್ದು ಇರಬೇಕು, ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಜಾಗ ಬೇಕು. ಅದನ್ನು ಹಾಕಿ ಬಿಟ್ಟುಬಿಟ್ಟರೆ ಕಚ್ಚುವುದು ತಪ್ಪಬಹುದು, ಅಟ್ಟುವುದು ತಪ್ಪಲ್ಲ. ಅಟ್ಟಿದರೂ ಗಬ್ಬದ ಮೇಕೆ ಸಾಯಬಹುದು.

ಹಟ್ಟಿವೈದ್ಯೆ

ಸತ್ತ ಮರಿಯನ್ನು ಏನು ಮಾಡಿದಿರಿ? ಆಳವಾಗಿ ಹೂತಿದ್ದರೆ ಸರಿ. ಸತ್ತ ಪ್ರಾಣಿಯ ಯಕೃತ್ತು, ಶ್ವಾಸಕೋಶದಂಥ ಒಳಾಂಗ, ಈದ ಮೇಲೆ ಬಿದ್ದ ಕಸ, ಇವು ನಾಯಿ ಬಾಯಿಗೆ ಸಿಗಬಾರದು. ಒಂದು ಬಗೆಯ ಲಾಡಿಹುಳು ಇಂಥ ಒಳಾಂಗ ತಿಂದ ನಾಯಿಗೆ ಬಂದು, ಅದರ ಮಲದಿಂದ ಮನುಷ್ಯರಿಗೆ ದಾಟಿ ಯಕೃತ್ತಿನಲ್ಲಿ, ಶ್ವಾಸಕೋಶದಲ್ಲಿ ನೀರುಗುಳ್ಳೆ ಮಾಡುತ್ತದೆ. ನ್ಯೂಜಿಲೆಂಡ್ ದಶಕಗಟ್ಟಲೆ ನಾಯಿಗಳಿಗೆ ಜಂತು ಔಷಧಿ ಕೊಟ್ಟು, ಕುರಿಯ ಹಸಿ ಒಳಾಂಗ ಹಾಕುವುದನ್ನು ತಡೆದು, 2002ರಲ್ಲಿ ಈ ರೋಗದಿಂದ ತಾತ್ಕಾಲಿಕವಾಗಿ ಮುಕ್ತ ಅಂತ ಘೋಷಿಸಿತು. ಹಸುಗಳಿದ್ದರೆ ಇನ್ನೊಂದು ಮಾತು. ಈದ ಹಸುವಿನ ಕಸ ತಿಂದ ನಾಯಿಯ ಮಲ ಮೇವಿಗೆ ಬೆರೆತರೆ ಹಸುಗಳು ಕಂದು ಹಾಕುವ ರೋಗವೂ ಇದೆ. ಕೆಂಚನಿಗೆ ಪ್ರಾಜಿಕ್ವಾಂಟೆಲ್ ಇರುವ ಜಂತು ಔಷಧಿ ಕೊಡಿಸಿ.

ಸಂತಾನಹರಣ ಮಾಡಿಸಿದರೆ ಸರಿಹೋಗುತ್ತದಾ ಅಂತ ಯಾರಾದರೂ ಕೇಳುವ ಮುಂಚೆ ಹೇಳುತ್ತೇನೆ. ಗಂಡುನಾಯಿ ಅಲೆಯುವುದು ಕಡಿಮೆ ಆಗಬಹುದು. ಬೇಟೆಯ ಗುಣ ಹೋಗಲ್ಲ.

ಹೊಳೆದಡ

ಯಾರೂ ಎತ್ತದ ಮಾತು ನಾನು ಎತ್ತುತ್ತೇನೆ. ಬೇಲಿ ಹಾಕಲು ಆಗದಿದ್ದರೆ, ಅಥವಾ ಹಾಕಿದ ಮೇಲೂ ತಪ್ಪಿಸಿಕೊಂಡು ಇನ್ನೊಂದು ಸಲ ಕೊಂದರೆ ಏನು?

ನಮ್ಮ ಮನೆಯ ಹೆಣ್ಣುನಾಯಿಯನ್ನು ಹೀಗೇ ಕಳಿಸಬೇಕಾಯಿತು. ಸುತ್ತ ಕುರಿ ಕೋಳಿ ಯಾವುದೂ ಇಲ್ಲದ ಮನೆಗೆ. ಕರೆದುಕೊಂಡು ಹೋಗುವವರಿಗೆ ಎಲ್ಲ ಬಿಡಿಸಿ ಹೇಳಿದೆವು, ಏನು ಕೊಂದಳು, ಹೇಗೆ ತಪ್ಪಿಸಿಕೊಂಡಳು, ಯಾವ ಸದ್ದಿಗೆ ಕಿವಿ ನಿಮಿರುತ್ತದೆ. ಕೇಳಿ ಹಿಂದೆ ಸರಿದವರೂ ಇದ್ದರು. ಮುಚ್ಚಿಟ್ಟು ಕೊಟ್ಟರೆ ಮುಂದಿನ ಸಾವು ನಮ್ಮ ತಲೆ ಮೇಲೆ. ದಯವಿಟ್ಟು ದೂರ ಬಿಟ್ಟು ಬರುವ ಯೋಚನೆ ಯಾರೂ ಮಾಡಬೇಡಿ. ಅದು ಹಸಿದು ಇನ್ನೊಬ್ಬರ ಹಟ್ಟಿಗೇ ಹೋಗುತ್ತದೆ, ಕಲ್ಲು, ವಿಷ, ಗುಂಡು ಯಾವುದಕ್ಕೋ ಸಿಗುತ್ತದೆ. ಮಂದೆಗೆ ನುಗ್ಗಿದ ನಾಯಿಯನ್ನು ಕೊಲ್ಲಲು ಮಂದೆ ಸಾಕಿದವರಿಗೆ ಕಾನೂನೇ ಅವಕಾಶ ಕೊಡುವ ದೇಶಗಳೂ ಇವೆ.

ಯಾವ ದಾರಿಯೂ ಉಳಿಯದಿದ್ದರೆ ವೈದ್ಯರ ಕೈಯಲ್ಲಿ ನೋವಿಲ್ಲದೆ ಕೊನೆ ಮಾಡಿಸುವುದೂ ಇದೆ. ಬರೆಯುವಾಗಲೇ ಕೈ ನಡುಗುತ್ತದೆ. ಆದರೆ ಅದು ಕ್ರೌರ್ಯ ಅಲ್ಲ ಅಂತ ನಾನು ನಂಬುತ್ತೇನೆ. ತೋಟದಮನೆ ಅವರು ಆ ಹಂತದಲ್ಲಿ ಇಲ್ಲ, ದೂರವೇ ಇದ್ದಾರೆ.

ಮೇಕೆಮಂದೆ

ಹೊಳೆದಡ ಅವರು ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ಕೆಂಚನನ್ನು ಪ್ರೀತಿಸಿ, ಯಾರೂ ಬೇಡ ಅನ್ನಲ್ಲ. ಆದರೆ ಅವನು ಒಳ್ಳೆಯವನಾಗುತ್ತಾನೆ ಅನ್ನುವ ಆಸೆಯನ್ನು ಪಕ್ಕದವರ ಮೇಕೆಗಳ ಮೇಲೆ ಪರೀಕ್ಷೆ ಮಾಡಬೇಡಿ. ‘ಒಂದು ಸಲ ಬಿಟ್ಟು ನೋಡೋಣ’ ಅನ್ನುವ ಸಂಜೆ ಬರುತ್ತದೆ. ಅವತ್ತು ಬಿಡಬೇಡಿ.

ತೋಟದಮನೆ

ಎಲ್ಲರ ಮಾತನ್ನೂ ಮನೆಯಲ್ಲಿ ಓದಿ ಹೇಳಿದೆ. ಪಕ್ಕದ ಮನೆಗೆ ಹೋಗಿ ಬಂದೆ. ಚಿಕಿತ್ಸೆಯ ಖರ್ಚು, ಮರಿಯ ಬೆಲೆ, ಅವರು ಹೇಳಿದಷ್ಟು ಕೊಟ್ಟೆ. ಮರಿ ಹೂತಿದ್ದಾರೆ. ಅವರ ದೊಡ್ಡಿಯ ಬುಡಕ್ಕೂ ಜಾಲರಿ ನಾವೇ ಹಾಕಿಸುತ್ತೇವೆ ಅಂದೆ, ಒಪ್ಪಿದರು.

ಕೆಂಚ ನಮ್ಮಲ್ಲೇ ಇರುತ್ತಾನೆ. ಮನೆ ಹಿಂದಿನ ಅಂಗಳಕ್ಕೆ 6 ಅಡಿ ಬೇಲಿ, ಜೋಡಿ ಗೇಟು. ಹೊರಗೆ ಹೋದರೆ ಹಗ್ಗ, ಮೇಕೆಗಳ ಕಡೆ ಹೋದರೆ ಬಾಯಿಕುಕ್ಕೆಯೂ. ಇಷ್ಟಾದ ಮೇಲೂ ಅವನು ತಪ್ಪಿಸಿಕೊಂಡು ಹಟ್ಟಿಗೆ ಹೋದರೆ ಪ್ರಾಣಿಗಳಿಲ್ಲದ ಮನೆ ಹುಡುಕುತ್ತೇವೆ. ಇದನ್ನು ಮಗಳ ಮುಂದೆಯೇ ಹೇಳಿದೆವು. ಅತ್ತಳು, ಆಮೇಲೆ ಎರಡೂ ಗೇಟಿಗೆ ‘ಚಿಲಕ ನೋಡಿ’ ಅಂತ ಬರೆದು ಅಂಟಿಸುವ ಕೆಲಸ ತನಗೇ ಬೇಕು ಅಂದಳು.

ಹಟ್ಟಿವೈದ್ಯೆ ಅವರೇ, ಕೂದಲು ಕತ್ತರಿಸಿ ನೋಡಿದಾಗ ಕೆಚ್ಚಲ ಹತ್ತಿರ ಇನ್ನೆರಡು ತೂತು ಸಿಕ್ಕಿವೆ. ಮೇಕೆ ಮೇವು ತಿನ್ನುತ್ತಿದೆ. ಇನ್ನೇನು ನೋಡಬೇಕು?

ಹಟ್ಟಿವೈದ್ಯೆ

ಕತ್ತರಿಸಿದ್ದು ಒಳ್ಳೆಯದಾಯಿತು. ದಿನಕ್ಕೆ ಎರಡು ಸಲ ಜ್ವರ ನೋಡಲಿ. ಗಾಯದ ಸುತ್ತ ಊತ, ಕೆಟ್ಟ ವಾಸನೆ, ಒತ್ತಿದರೆ ಚರ್ಮದಡಿ ಚರಚರ ಅನ್ನುವ ಗಾಳಿ, ಇವುಗಳಲ್ಲಿ ಒಂದು ಕಂಡರೂ ಅವತ್ತೇ ವೈದ್ಯರನ್ನು ಕರೆಸಿ. ಕೆಚ್ಚಲ ಎರಡೂ ಬದಿ ಬಿಸಿ ಇದೆಯಾ, ಗಟ್ಟಿ ಇದೆಯಾ ಮುಟ್ಟಿ ಹೋಲಿಸಲಿ. ನಡಿಗೆ ಬಿಗಿಯಾಯಿತು, ದವಡೆ ತೆರೆಯಲು ಕಷ್ಟಪಡುತ್ತಿದೆ ಅನ್ನಿಸಿದರೆ ಅದು ಧನುರ್ವಾಯು, ಗಾಯ ಒಣಗಿದ ಮೇಲೂ ಬರಬಹುದು. ಗಬ್ಬ ನಿಂತಿದೆ ಅಂತ ಈಗಲೇ ಹೇಳಲು ಆಗಲ್ಲ, ಕೆಲವು ವಾರ ಕಳೆದ ಮೇಲೂ ಕಂದು ಹಾಕಬಹುದು. ಹಾಗಾದರೆ ಬಿದ್ದದ್ದನ್ನು ಬರಿಗೈಯಲ್ಲಿ ಮುಟ್ಟದೆ ವೈದ್ಯರಿಗೆ ತೋರಿಸಿ. ಎಲ್ಲ ಸರಿಯಿದ್ದರೆ ಗಬ್ಬದ ಲೆಕ್ಕ 150 ದಿನ. ಯಾವಾಗ ಕಟ್ಟಿತ್ತು ಅಂತ ಕೇಳಿ ದಿನ ಬರೆದಿಟ್ಟುಕೊಳ್ಳಿ.